ಪಕ್ಕದ ಪ್ರಯೋಗಾಲಯದ ಬಾಗಿಲು

ಶರೀರಕ್ರಿಯಾಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾನೊಮ್ಮೆ ಉಪಕರಣವೊಂದಕ್ಕಾಗಿ ಪಕ್ಕದ ಕಟ್ಟಡದ ನರವಿಜ್ಞಾನ ಪ್ರಯೋಗಾಲಯದ ಬಾಗಿಲು ತಟ್ಟಿದ್ದೆ. ‘ಮುಖ್ಯಸ್ಥರ ಪತ್ರ ತನ್ನಿ’ ಎಂದರು. ಪತ್ರ ಕೈಸೇರುವಷ್ಟರಲ್ಲಿ ವರ್ಷವೇ ಮುಗಿದಿತ್ತು.

ಅದು ನೆನಪಾದಾಗಲೆಲ್ಲ ಸ್ಕ್ವಿಡ್ ಎಂಬ ಕಡಲಜೀವಿಯೂ ನೆನಪಾಗುತ್ತದೆ. ಅದರ ದೇಹದಲ್ಲಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ದೈತ್ಯ ನರತಂತುವಿನತ್ತ 1936ರಲ್ಲಿ ಶರೀರಕ್ರಿಯಾಶಾಸ್ತ್ರಜ್ಞರ ಗಮನ ಸೆಳೆದವರು ಪ್ರಾಣಿಶಾಸ್ತ್ರಜ್ಞ ಜೆ.ಝಡ್. ಯಂಗ್. ಕೇಂಬ್ರಿಜ್‌ನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲೀ 1939ರಲ್ಲಿ ಪ್ಲಿಮತ್‌ನ ಕಡಲತೀರದ ಪ್ರಯೋಗಾಲಯದಲ್ಲಿ ಆ ತಂತುವಿನೊಳಗೆ ವಿದ್ಯುದಗ್ರ ಇಳಿಸಿ ನರಸಂಕೇತವನ್ನು ದಾಖಲಿಸಿದರು. ಮಹಾಯುದ್ಧ ಅಡ್ಡ ಬಂದಿತು. ಯುದ್ಧಾನಂತರ ಅವರು ಅಮೆರಿಕದ ಕೆನೆತ್ ಕೋಲ್ ರೂಪಿಸಿದ್ದ ವೋಲ್ಟೇಜ್ ಕ್ಲ್ಯಾಂಪ್ ವಿಧಾನವನ್ನು ಬಳಸಿಕೊಂಡರು. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳ ಹರಿವಿನಿಂದ ಆ ಸಂಕೇತ ಹೇಗೆ ಹುಟ್ಟುತ್ತದೆಂಬುದನ್ನು 1952ರಲ್ಲಿ ಸಮೀಕರಣಗಳಲ್ಲಿ ನಿರೂಪಿಸಿದರು. 1963ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು.

ಇಂದಿಗೂ ನರವಿಜ್ಞಾನಿಗಳು ಅದೇ ಸಮೀಕರಣಗಳನ್ನು ಬಳಸುತ್ತಾರೆ. ಯಂಗ್ ಆ ತಂತುವನ್ನು ತಮ್ಮ ವಿಭಾಗದ ಸ್ವತ್ತೆಂದು ಬಚ್ಚಿಟ್ಟಿದ್ದರೆ? ಕೋಲ್ ತಮ್ಮ ವಿಧಾನವನ್ನು ಯಾರಿಗೂ ತೋರಿಸದಿದ್ದರೆ?

ಅನುದಾನದ ಕೊರತೆಯ ಬಗ್ಗೆ ನಾವು ಧಾರಾಳವಾಗಿ ಮಾತನಾಡುತ್ತೇವೆ, ಅದು ಸುಳ್ಳೇನಲ್ಲ. ಆದರೆ ಒಂದೇ ಆವರಣದ ಎರಡು ಪ್ರಯೋಗಾಲಯಗಳು ಉಪಕರಣವನ್ನೂ ವಿದ್ಯಾರ್ಥಿಯನ್ನೂ ಹಂಚಿಕೊಳ್ಳುವುದಕ್ಕೆ ಅನುದಾನ ಬೇಕಿಲ್ಲ. ಪತ್ರವಿಲ್ಲದೆಯೂ ಬಾಗಿಲು ತೆರೆಯುವ ಮನಸ್ಸು ಮುಖ್ಯಸ್ಥರಿಗಿದ್ದರೆ ಸಾಕು.