ಕೀಲಿಕೈ ಯಾರ ಕೈಯಲ್ಲಿರಬೇಕು?

ನಮ್ಮ ಹಿರಿಯರ ಮನೆಗಳಲ್ಲಿ ಕೀಲಿಕೈಗಳಿಗೆ ಒಂದು ಕ್ರಮವಿತ್ತು. ಚಾವಡಿಗೆ ಯಾರೂ ಬರಬಹುದು, ಅಡುಗೆಮನೆಯವರೆಗೆ ಮನೆಯವರು, ಉಗ್ರಾಣದ ಕೀಲಿಕೈ ಮಾತ್ರ ಮನೆಯ ಯಜಮಾನಿತಿಯ ಸೊಂಟದಲ್ಲಿ. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ, ಸಂಸಾರ ನಡೆಸುವ ವಿವೇಕ. ಇಂದು ಮನೆಮನೆಗೆ ಬಂದಿರುವ ಗಣಕಯಂತ್ರದೊಳಗೂ ಇಂಥದೇ ಕ್ರಮವೊಂದುಂಟು. ಅದನ್ನರಿಯದೆ ನಾವು ಪಟ್ಟ ಪಾಡನ್ನೂ ಅದರಿಂದ ಕಲಿತ ಪಾಠವನ್ನೂ ವಾಚಕರ ಮುಂದಿಡುತ್ತಿದ್ದೇವೆ.

ಕಾಸರಗೋಡಿನ ಒಳನಾಡಿನಲ್ಲಿರುವ ನಮ್ಮ ಮನೆಯ ಗಣಕಯಂತ್ರದಲ್ಲಿ ವಿಂಡೋಸ್ 10 ಇತ್ತು. ಅದಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಹೊಸ ಡಿಸ್ಕೊಂದನ್ನು ಹಾಕಿಸಿ, ಅದರಲ್ಲಿ ವಿಂಡೋಸ್ 11ನ್ನು ಸ್ಥಾಪಿಸಿ, ಹಳೆಯ ಡಿಸ್ಕನ್ನು ಪಕ್ಕದಲ್ಲಿಯೇ ಉಳಿಸಿಕೊಂಡೆವು. ಹಳೆಯದರಲ್ಲಿ ಕೀರ್ತಿಶೇಷರಾದ ನಮ್ಮ ತೀರ್ಥರೂಪರು ವರ್ಷಗಟ್ಟಲೆ ಟೈಪು ಮಾಡಿಟ್ಟ ಬರಹಗಳಿದ್ದವು: ಮನೆತನದ ವಂಶಾವಳಿ, ಅಡಕೆ ತೋಟದ ಲೆಕ್ಕ, ಮಲೆಯಾಳದಲ್ಲಿ ಬಂದ ಸರಕಾರಿ ಪತ್ರಗಳಿಗೆ ಅವರೇ ಮಾಡಿದ ಕನ್ನಡ ಅನುವಾದ, ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಮಾತೋಶ್ರೀಯವರು ಹೇಳಿ ಬರೆಸಿದ ಶೋಭಾನೆ ಹಾಡುಗಳು. ಮೊಮ್ಮಗಳ ಮದುವೆಗೆ ಇಪ್ಪತ್ತೇ ದಿನಗಳಿದ್ದವು. ವಯಸ್ಸಿನಿಂದ ಹಾಡುಗಳ ನುಡಿಗಳನ್ನು ಮರೆಯತೊಡಗಿದ್ದ ಮಾತೋಶ್ರೀಯವರು ಅವುಗಳನ್ನು ಅಚ್ಚು ಹಾಕಿಸಿ ಕೊಡುವಂತೆ ಕೇಳಿದ್ದರು.

ಕಡತಕೋಶವನ್ನು ತೆರೆಯಹೋದರೆ, ‘ನಿಮಗೆ ಅನುಮತಿಯಿಲ್ಲ’ ಎಂಬ ಉತ್ತರ! ‘ಕಂಟಿನ್ಯೂ’ ಎಂಬುದನ್ನು ಒತ್ತಿದರೆ ಕೆಲವೊಮ್ಮೆ ಬಾಗಿಲು ತೆರೆಯುವುದುಂಟು; ನಮಗೆ ತೆರೆಯಲಿಲ್ಲ. ಹೊಸ ವ್ಯವಸ್ಥೆಯಲ್ಲಿಯೂ ತೀರ್ಥರೂಪರ ಹೆಸರಿನಲ್ಲಿಯೇ ಖಾತೆ ತೆರೆದಿದ್ದೆವು. ಹೆಸರು ಅದೇ, ಗುಪ್ತಪದವೂ ಅದೇ. ಆದರೂ ಯಂತ್ರ ನಮ್ಮನ್ನು ಪರಕೀಯರೆಂದು ತಡೆಯಿತು.

ಪರಿಚಿತರೊಬ್ಬರು ಬಂದು ಸುಲಭೋಪಾಯ ಮಾಡಿದರು. ಇಡೀ ಹಳೆಯ ಡಿಸ್ಕಿನ ಮೇಲೆ ‘ಎವೆರಿವನ್’ ಎಂಬ ಗುಂಪಿಗೆ, ಅಂದರೆ ಸಕಲರಿಗೂ, ‘ಫುಲ್ ಕಂಟ್ರೋಲ್’ ಕೊಟ್ಟುಬಿಟ್ಟರು. ಕೋಶ ತೆರೆಯಿತು, ನಾವು ಹಿಗ್ಗಿದೆವು. ಮರುದಿನ ಸಂಜೆ ಹತ್ತು ವರ್ಷದ ಮೊಮ್ಮಗ ತನ್ನ ಆಟಕ್ಕೆ ಜಾಗ ಸಾಲದೆಂದು, ತನ್ನ ಖಾತೆಯಿಂದಲೇ, ಅಜ್ಜನ ಕೋಶವನ್ನು ಅಳಿಸಿಹಾಕಿದ್ದನು. ಪುಣ್ಯವಶಾತ್ ಅದು ರೀಸೈಕಲ್ ಬಿನ್ನಿನಲ್ಲಿ ಸಿಕ್ಕಿತು. ಮಗುವನ್ನು ಬೈದು ಪ್ರಯೋಜನವೇನು? ಉಗ್ರಾಣದ ಬಾಗಿಲನ್ನು ತೆರೆದಿಟ್ಟವರು ನಾವೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದೆಂದು ಅಂದಿನಿಂದಲೇ ಈ ವಿಷಯವನ್ನು ಕಲಿಯಲು ತೊಡಗಿದೆವು.

ಹೆಸರು ಒಂದೇ ಆದರೂ ಯಂತ್ರ ಒಪ್ಪಲಿಲ್ಲವೇಕೆ? ನಮ್ಮೂರಿನಲ್ಲಿ ಶಂಕರ ಎಂಬವರು ನಾಲ್ವರಿದ್ದರೆ ಮನೆಯ ಹೆಸರಿನಿಂದ ಅವರನ್ನು ಗುರುತಿಸುತ್ತೇವೆ. ವಿಂಡೋಸ್ ಪ್ರತಿ ಖಾತೆಯನ್ನೂ ಒಂದು ಉದ್ದವಾದ ಗುರುತು ಸಂಖ್ಯೆಯಿಂದ ಬಲ್ಲುದು. ಕಡತದ ಒಡೆಯರಾರು, ಓದುವ, ತಿದ್ದುವ, ಅಳಿಸುವ ಹಕ್ಕು ಯಾರಿಗುಂಟು ಎಂಬುದು ಡಿಸ್ಕಿನಲ್ಲಿ ಬರೆದಿರುವುದು ಆ ಸಂಖ್ಯೆಯ ಲೆಕ್ಕದಲ್ಲಿ. ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿದಾಗ ಅದೇ ಹೆಸರಿನ ಖಾತೆಗೂ ಬೇರೆ ಸಂಖ್ಯೆ ಬರುತ್ತದೆ. ಹಳೆಯ ಕಡತಗಳ ಒಡೆಯರ ಸ್ಥಾನದಲ್ಲಿ ಹೆಸರಿನ ಬದಲು ‘ಎಸ್-1-5-21’ ಎಂದು ಮೊದಲಾಗುವ ಅಂಕಿಗಳ ಸಾಲು ಕಂಡರೆ ಇದೇ ಕಾರಣವೆಂದು ತಿಳಿಯಬೇಕು.

ಹಳೆಯ ವ್ಯವಸ್ಥೆಯನ್ನು ಅಳಿಸದೆ, ಅದರ ಮೇಲೆಯೇ ಹೊಸ ಆವೃತ್ತಿಗೆ ಏರಿದರೆ ಖಾತೆಗಳೂ ಹಕ್ಕುಗಳೂ ಸಾಮಾನ್ಯವಾಗಿ ಹಾಗೆಯೇ ಮುಂದುವರಿಯುತ್ತವೆ. ಹಿಂದಿನ ವ್ಯವಸ್ಥೆ ‘ವಿಂಡೋಸ್.ಓಲ್ಡ್’ ಎಂಬ ಕೋಶದಲ್ಲಿ 10 ದಿನಗಳ ಕಾಲ ಉಳಿದಿರುತ್ತದೆ. ಹಿಂದಿರುಗಬೇಕಾದರೆ ಆ ಅವಧಿಯೊಳಗೆ ಹಿಂದಿರುಗಬೇಕು. ಆದರೆ ಹಿಂದೆ ಎಲ್ಲರಿಗೂ ಕೊಟ್ಟಿದ್ದ ಮೇಲಧಿಕಾರವೂ ಹಾಗೆಯೇ ಮುಂದುವರಿಯುತ್ತದೆಂಬುದನ್ನು ಮರೆಯಬಾರದು.

ಈ ಅಧಿಕಾರದ ವಿಚಾರ ಹೊಸದೇನಲ್ಲ. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸ್ ಅನೇಕರು ಹಂಚಿಕೊಂಡು ಬಳಸುವ ಯಂತ್ರಗಳಲ್ಲಿ ಬೆಳೆದುದರಿಂದ ಒಡೆಯ, ಗುಂಪು, ಇತರರು ಎಂಬ ವಿಭಾಗ ಅದರಲ್ಲಿ ಬೇರೂರಿತು. ಮನೆಯ ಯಂತ್ರಗಳಿಗೆ ಈ ಶಿಸ್ತು ತಡವಾಗಿ ಬಂದಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಹಕ್ಕುಗಳ ಏರ್ಪಾಡಿದ್ದರೂ, ಸ್ಥಾಪನೆಯ ವೇಳೆ ತೆರೆದ ಖಾತೆಗಳೆಲ್ಲ ಮೇಲಧಿಕಾರಿಗಳೇ ಆಗುತ್ತಿದ್ದವು. 2007ರ ವಿಸ್ಟಾದಲ್ಲಿ, ಮುಖ್ಯ ಬದಲಾವಣೆಗೆ ಮೊದಲು ಪರದೆಯನ್ನು ಮಂಕಾಗಿಸಿ ಒಪ್ಪಿಗೆ ಕೇಳುವ ಪದ್ಧತಿ ಬಂದಿತು. ಜನ ಬೇಸತ್ತರು, 2009ರ ವಿಂಡೋಸ್ 7ರಲ್ಲಿ ಆ ಪ್ರಶ್ನೆಗಳನ್ನು ಕಡಿಮೆಗೊಳಿಸಿದರು. ಇಂದಿಗೂ ಆ ಮಂಕು ಪರದೆ ಬಂದಾಗ ಓದದೆಯೇ ‘ಎಸ್’ ಒತ್ತುವವರೇ ಹೆಚ್ಚು. ಅದು ಉಗ್ರಾಣದ ಬಾಗಿಲಲ್ಲಿ ‘ಯಾರದು?’ ಎಂದು ಕೇಳುವ ದನಿ. ನಾವಾಗಿ ಯಾವ ಕೆಲಸವನ್ನೂ ಆರಂಭಿಸದಿರುವಾಗ ಅದು ಕೇಳಿಬಂದರೆ ‘ನೋ’ ಎಂಬುದೇ ತಕ್ಕ ಉತ್ತರ.

ಇನ್ನು ನಾವು ಅನುಸರಿಸಿದ ಕ್ರಮ. ಮೊದಲು ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿದೆವು. ಆ ಬಳಿಕ ‘ಎವೆರಿವನ್’ಗೆ ಕೊಟ್ಟಿದ್ದ ಹಕ್ಕನ್ನು ತೆಗೆದೆವು. ತೀರ್ಥರೂಪರ ಕೋಶವೊಂದರ ಮೇಲೆ ಮಾತ್ರ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’, ‘ಸೆಕ್ಯೂರಿಟಿ’, ‘ಅಡ್ವಾನ್ಸ್ಡ್’ ಎಂಬ ಮೆಟ್ಟಿಲುಗಳನ್ನೇರಿ, ‘ಓನರ್’ ಎಂಬಲ್ಲಿ ನಮ್ಮ ಖಾತೆಯನ್ನು ಬರೆದೆವು. ಒಳಗಿನ ಕೋಶಗಳಿಗೂ ಅದು ಅನ್ವಯಿಸುವಂತೆ ಗುರುತು ಹಾಕಿದೆವು. ಒಡೆತನ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದೇ ಪುಟದಲ್ಲಿ ನಮ್ಮ ಖಾತೆಗೆ ಹಕ್ಕನ್ನೂ ಬೇರೆಯಾಗಿ ಕೊಡಬೇಕಾಯಿತು. ವಿಂಡೋಸಿನ ಸ್ವಂತ ಕೋಶಗಳ ಒಡೆತನಕ್ಕೆ ಯಾರೂ ಕೈಯಿಡಬಾರದು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಈ ಉಪಾಯ ಸಾಗದು. 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು.

ಕಡತ ತೆರೆಯಿತು. ಆದರೆ ಹಾಡಿನ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು! ಕಡತವೇ ಕೆಟ್ಟಿತೆಂದು ಎದೆ ಒಡೆಯಿತು. ಅದು ಹಕ್ಕಿನ ತೊಡಕಲ್ಲ, ಲಿಪಿಯದು. ತೀರ್ಥರೂಪರು ಬಳಸಿದ್ದ ಹಳೆಯ ನುಡಿ ಅಕ್ಷರಶೈಲಿ ಹೊಸ ವ್ಯವಸ್ಥೆಯಲ್ಲಿರಲಿಲ್ಲ. ಮೇಲಧಿಕಾರದ ಖಾತೆಯ ಒಪ್ಪಿಗೆಯಿಂದ ಅದನ್ನು ಎಲ್ಲ ಬಳಕೆದಾರರಿಗೂ ದೊರೆಯುವಂತೆ ಸ್ಥಾಪಿಸಿದೊಡನೆ ಹಾಡುಗಳು ಕನ್ನಡದಲ್ಲಿ ಮೂಡಿದವು.

ಕೊನೆಯದಾಗಿ ಮನೆಯ ಕಟ್ಟಳೆ. ‘ಸೆಟ್ಟಿಂಗ್ಸ್’ನ ‘ಅಕೌಂಟ್ಸ್’ ವಿಭಾಗದಲ್ಲಿ, ‘ಅದರ್ ಯೂಸರ್ಸ್’ ಎಂಬಲ್ಲಿ ಪ್ರತಿಯೊಬ್ಬರ ಖಾತೆಯ ಬಗೆಯನ್ನೂ ನೋಡಬಹುದು. ‘ಅಡ್ಮಿನಿಸ್ಟ್ರೇಟರ್’ ಖಾತೆಯೊಂದನ್ನು ದುರಸ್ತಿಗೆಂದೇ ಪ್ರತ್ಯೇಕವಾಗಿಟ್ಟು, ನಮ್ಮದೂ ಸೇರಿದಂತೆ ನಿತ್ಯದ ಖಾತೆಗಳನ್ನೆಲ್ಲ ‘ಸ್ಟ್ಯಾಂಡರ್ಡ್’ ಮಾಡಿದೆವು. ಮೇಲಧಿಕಾರದ ಗುಪ್ತಪದ ಮನೆಯಲ್ಲಿ ಇಬ್ಬರು ಹಿರಿಯರಿಗೆ ಗೊತ್ತಿರಲಿ. ಒಬ್ಬರಿಗೇ ಗೊತ್ತಿದ್ದರೆ ಅವರ ಕಾಲಾನಂತರ ಬೀಗ ಒಡೆಯುವ ಪ್ರಸಂಗ ಬಂದೀತು. ತೀರ್ಥರೂಪರು ನಮಗೆ ಎಲ್ಲವನ್ನೂ ಬರೆದಿಟ್ಟಿದ್ದರು, ಕೀಲಿಕೈಯ ವಿಚಾರವೊಂದನ್ನು ಬಿಟ್ಟು.

ಮದುವೆಯ ದಿನ ಮಾತೋಶ್ರೀಯವರು ಕನ್ನಡಕ ಏರಿಸಿಕೊಂಡು, ಅಚ್ಚು ಹಾಕಿದ ಹಾಳೆ ಹಿಡಿದು ಶೋಭಾನೆ ಹೇಳಿದರು. ಎರಡನೆಯ ನುಡಿಯ ಹೊತ್ತಿಗೆ ಹಾಳೆಯನ್ನು ಮಡಿಯಲ್ಲಿಟ್ಟರು. ಉಳಿದುದು ಅವರಿಗೆ ತಾನಾಗಿಯೇ ನೆನಪಾಗಿತ್ತು. ಆ ಹಾಳೆಯನ್ನು ಮೊಮ್ಮಗನೇ ಎತ್ತಿ ಜೋಪಾನವಾಗಿ ಒಳಗಿಟ್ಟನು.