ಸ್ವರದ ಎತ್ತರ ಮತ್ತು ಅದರ ಅಳತೆ

ನಾದದ ಏರಿಳಿತವನ್ನು ಕಿವಿಯು ಗ್ರಹಿಸುವುದು ಪ್ರಮಾಣದ ಮೂಲಕ. ಸೆಕೆಂಡಿಗೆ 240 ಕಂಪನಗಳ ಷಡ್ಜಕ್ಕೆ 480 ತಾರಷಡ್ಜ. ಅದರ ಮೇಲಿನ ಷಡ್ಜ 720 ಅಲ್ಲ, 960. ಆದುದರಿಂದ ಸ್ವರಾಂತರವನ್ನು ಅಳೆಯಲು ಕಂಪನಗಳ ಎಣಿಕೆಯೊಂದೇ ಸಾಲದು. ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ ಅವರು 1885ರ ಪ್ರಬಂಧದಲ್ಲಿ ಸ್ಥಾಯಿಯೊಂದನ್ನು 1200 'ಸೆಂಟ್'ಗಳಾಗಿ ವಿಭಾಗಿಸಿ, ಕಿವಿಯ ರೀತಿಗೆ ಒಪ್ಪುವ ಅಳತೆಗೋಲನ್ನು ಬಳಸಿದರು.

ಹಾರ್ಮೋನಿಯಮ್ಮಿನ ಮೇಲಿನ ಹಳೆಯ ಆಕ್ಷೇಪಣೆಯ ತಿರುಳು ಈ ಅಳತೆಯಿಂದ ತಿಳಿಯುತ್ತದೆ. ತಂಬೂರಿಯ ನಾದದೊಡನೆ ಬೆರೆಯುವ ಅಂತರಗಾಂಧಾರವು ಷಡ್ಜಕ್ಕೆ 5:4ರ ಪ್ರಮಾಣದಲ್ಲಿದ್ದು, ಅದಕ್ಕಿಂತ ಸುಮಾರು 386 ಸೆಂಟು ಮೇಲಿರುತ್ತದೆ. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿಕೊಂಡ ಹಾರ್ಮೋನಿಯಮ್ಮಿನಲ್ಲಾದರೋ ಅದು 400. ಪಂಚಮದ ದೋಷ ಕೇವಲ 2 ಸೆಂಟು. ಅದನ್ನು ಗಣನೆಗೆ ತರಬೇಕಾಗಿಲ್ಲ. ಗಾಂಧಾರದ 14 ಸೆಂಟು ಮಾತ್ರ ಪಳಗಿದ ಕಿವಿಗೆ ಮರೆಯಾಗದು. ಮೇಲೆ ಹೇಳಿದ ಷಡ್ಜಕ್ಕೆ ಒಂದು ಗಾಂಧಾರ 300, ಇನ್ನೊಂದು ಸುಮಾರು 302.4. ಇವೆರಡೂ ಕೂಡಿ ನುಡಿದರೆ ನಾದವು ಸೆಕೆಂಡಿಗೆ ಎರಡು ಮೂರು ಬಾರಿ ಉಬ್ಬಿ ತಗ್ಗುತ್ತದೆ. ಗಮಕಕ್ಕೆ ಎಡೆಯಿಲ್ಲದ ಕೊರತೆ ಬೇರೆ. 1940ರಲ್ಲಿ ಆಕಾಶವಾಣಿಯು ಈ ವಾದ್ಯವನ್ನು ಹೊರಗಿಟ್ಟಿತು. 1971ರಲ್ಲಿ ನಿರ್ಬಂಧ ಸಡಿಲವಾಯಿತು.

ಆಕ್ಷೇಪಕರು ಗಮನಿಸದ ಅಂಶವೂ ಒಂದುಂಟು. 1963ರಲ್ಲಿ ಜೈರಾಜ್‌ಭಾಯ್ ಮತ್ತು ಸ್ಟೋನ್ ಅವರು ಹಿಂದೂಸ್ಥಾನಿ ಕಲಾವಿದರ ಧ್ವನಿಮುದ್ರಣಗಳನ್ನು ಅಳೆದಾಗ, ಗಾಂಧಾರವು ಕಲಾವಿದರಿಂದ ಕಲಾವಿದರಿಗೆ ಬೇರೆಯಾಗಿದ್ದಿತು. ಒಬ್ಬರ ಕೈಯಲ್ಲಿಯೇ ಅದು ಒಂದೆಡೆ ನಿಂತಿರಲಿಲ್ಲ.