ಗದ್ದಲದ ನಡುವೆ ಒಂದು ನಾದ

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಕದವಿಲ್ಲ. ಪಟ್ಟಣವಾಸಿಗಳಾದ ನಾವು ವಾಹನಗಳ ಗದ್ದಲವನ್ನು ಬೇಡವೆಂದರೂ ಕೇಳಲೇಬೇಕಾಗಿದೆ. ಈ ಪೀಡೆಗೆ ಸರ್ಕಾರದವರು ಬಲ್ಲ ಮದ್ದು ನಿಷೇಧಾಜ್ಞೆಯೊಂದೇ. ಆದರೆ ಗದ್ದಲವನ್ನೇ ಸಾಮಗ್ರಿಯಾಗಿ ಹಿಡಿದು ಕಲೆಯನ್ನು ನಿರ್ಮಿಸಿದವರೂ ಇದ್ದಾರೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸ ಸಂಗತಿಯಾಗಬಹುದು.

ನ್ಯೂಯಾರ್ಕ್ ನಗರದ ಟೈಮ್ಸ್ ಸ್ಕ್ವೇರಿನಲ್ಲಿ, 45 ಮತ್ತು 46ನೆಯ ಬೀದಿಗಳ ನಡುವೆ, ಪಾದಚಾರಿಗಳಿಗಾಗಿ ಬಿಟ್ಟ ತ್ರಿಕೋಣಾಕಾರದ ಸ್ಥಳವೊಂದುಂಟು. ಅಲ್ಲಿ ನೆಲದೊಳಗಿನ ರೈಲುಮಾರ್ಗಕ್ಕೆ ಗಾಳಿಯಾಡಲು ಕಬ್ಬಿಣದ ಜಾಲರಿಯನ್ನು ಹಾಸಿದೆ. ತಾಳವಾದ್ಯಗಳಲ್ಲಿ ನಿಪುಣನಾಗಿದ್ದ ಮ್ಯಾಕ್ಸ್ ನ್ಯೂಹೌಸ್ ಎಂಬಾತನು 1977ರಲ್ಲಿ ಆ ಜಾಲರಿಯ ಕೆಳಗೆ ಯಂತ್ರವನ್ನಿರಿಸಿ, ದೊಡ್ಡ ಘಂಟೆಯನ್ನು ಬಾರಿಸಿದ ಮೇಲೆ ಉಳಿಯುವ ಅನುರಣನದಂಥ ನಾದವು ಹಗಲಿರುಳೂ ಹೊಮ್ಮುವಂತೆ ಮಾಡಿದನು. ಅಲ್ಲಿ ಫಲಕವನ್ನೂ ಇಡಲಿಲ್ಲ, ಹೆಸರನ್ನೂ ಬರೆಯಲಿಲ್ಲ. ತಾನಾಗಿ ಗಮನಿಸಿದವನಿಗೆ ಅದು ಸಂಗೀತ. ಉಳಿದವರಿಗೆ ಗದ್ದಲದಲ್ಲಿ ಗದ್ದಲ. 1992ರಲ್ಲಿ ನಿಂತುಹೋದ ಈ ನಾದವನ್ನು 2002ರಲ್ಲಿ ಮರಳಿ ಸ್ಥಾಪಿಸಲಾಯಿತು.

ಅಲ್ಲಿಂದ ಆರೇ ಬೀದಿಗಳ ದಕ್ಷಿಣಕ್ಕೆ 1883ರಲ್ಲಿ ಕಟ್ಟಿದ ಮೆಟ್ರೊಪಾಲಿಟನ್ ಆಪೆರಾ ಮಂದಿರವಿತ್ತು. ಕರೂಸೊವಿನಂಥ ಮಹಾಗಾಯಕರು ಹಾಡಿದ ಆ ಮಂದಿರವನ್ನು 1967ರಲ್ಲಿ ಕೆಡವಿದರು. ಗಾನಕ್ಕೆ ಹೆಸರಾದ ಅದೇ ಬೀದಿಯಲ್ಲಿ, ಹತ್ತು ವರ್ಷಗಳ ತರುವಾಯ, ನಾದವು ನೆಲದಡಿಯಿಂದ ಎದ್ದುಬಂದಿತು.

ಮಸಾಚುಸೆಟ್ಸ್ ಪ್ರಾಂತದ ನಾರ್ತ್ ಆಡಮ್ಸ್ ಪಟ್ಟಣದಲ್ಲಿ ಬ್ರೂಸ್ ಓಡ್ಲಂಡ್ ಮತ್ತು ಸ್ಯಾಮ್ ಔಯಿಂಗರ್ ಎಂಬಿಬ್ಬರು 1998ರಲ್ಲಿ ಇನ್ನೊಂದು ಮಾರ್ಗವನ್ನು ತೋರಿಸಿದರು. ಹೆದ್ದಾರಿಯ ಸೇತುವೆಗೆ ಅವರು 16 ಅಡಿ ಉದ್ದದ ಕೊಳವೆಗಳನ್ನು ಜೋಡಿಸಿದರು. ವಾಹನಗಳ ಸದ್ದು ಕೊಳವೆಯನ್ನು ಹೊಕ್ಕಾಗ, ಅದರ ಉದ್ದಕ್ಕೆ ಹೊಂದುವ ಸ್ವರಗಳು ಮಾತ್ರ ಬಲಗೊಳ್ಳುತ್ತವೆ. ಕೊಳಲಿನ ಧರ್ಮವೇ ಇದು. ಸೇತುವೆಯ ಮೇಲೆ ಲಾರಿಯ ಆರ್ಭಟ; ಕೆಳಗೆ ಗಂಭೀರವಾದ ಶ್ರುತಿ!

ಸದ್ದೆಲ್ಲವೂ ಕೆಡುಕೆಂದು ಬೋಧಿಸುವುದರಿಂದ ಜನರ ಕಿವಿ ಮಂದವಾಗುವುದೆಂದು ನ್ಯೂಹೌಸನು 1974ರಲ್ಲಿಯೇ ಪತ್ರಿಕೆಯಲ್ಲಿ ವಾದಿಸಿದ್ದನು. ಈ ವಾದವನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ರೋಗಿಯ ನಿದ್ರೆಯನ್ನು ಕೆಡಿಸುವ ಹಾರನ್ನಿಗೆ ಕಲೆಯು ಸಮಾಧಾನವಾಗಲಾರದು. ಅಲ್ಲಿ ಕಾನೂನೇ ಬೇಕು. ಭಾರತ ಸರ್ಕಾರದ 2000ನೆಯ ಇಸವಿಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲುಗಳ ಮಿತಿಯನ್ನು ವಿಧಿಸಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರುಗಳೊಳಗೆ ಮಿತಿಯು ಇನ್ನೂ ಕಡಿಮೆ. ಆದರೆ ಗದ್ದಲವನ್ನು ಗದ್ದಲವೆಂದು ಗುರುತಿಸುವ ಕಿವಿಯೇ ಜನರಲ್ಲಿ ಇಲ್ಲದಿದ್ದರೆ ನಿಯಮವು ಕಾಗದದಲ್ಲಿಯೇ ಉಳಿಯುವುದು.

ನಮ್ಮ ಬೆಂಗಳೂರಿನ ಚಾಮರಾಜಪೇಟೆಯನ್ನೇ ನೋಡಿರಿ. 1939ರಲ್ಲಿ ಸ್ಥಾಪಿತವಾದ ಶ್ರೀ ರಾಮಸೇವಾ ಮಂಡಲಿಯ ರಾಮನವಮಿ ಕಛೇರಿಗಳಿಂದ ಕೋಟೆ ಹೈಸ್ಕೂಲಿನ ಮೈದಾನವು ನಾಡಿಗೆಲ್ಲ ಪರಿಚಿತವಾಯಿತು. ತಂಬೂರಿಯ ಶ್ರುತಿಯ ಮೇಲೆ ಬೀದಿಯ ಹಾರನ್ನು ಎರಗಿದಾಗ ನಷ್ಟವಾಗುವುದು ಒಂದು ಸಂಜೆಯ ಸುಖವಷ್ಟೇ ಅಲ್ಲ. ತಲೆಮಾರುಗಳು ಗಳಿಸಿಕೊಟ್ಟ ಶ್ರವಣಸಂಸ್ಕಾರ. ಕಟ್ಟಡಗಳ ಮುಂದೆ ಸ್ಮಾರಕಶಿಲೆಗಳನ್ನು ನೆಡುವ ನಗರಾಡಳಿತವು ಸಂಗೀತದ ನೆಲೆಗಳನ್ನೂ ಪರಂಪರೆಯೆಂದೆಣಿಸಿ, ಕಛೇರಿಯ ಹೊತ್ತಿನಲ್ಲಾದರೂ ಸುತ್ತಲ ಸಂಚಾರವನ್ನು ತಿರುಗಿಸಲಿ. ಪೌರರು ಹಾರನ್ನಿನ ಮೇಲಿನ ಕೈಯನ್ನು ತೆಗೆಯಲಿ. ಸದ್ದನ್ನು ಸಂಗೀತವಾಗಿಸುವ ಶಕ್ತಿ ಕೆಲವರದು. ಸಂಗೀತವನ್ನು ಸದ್ದಿನಿಂದ ಕಾಯುವ ಹೊಣೆ ಎಲ್ಲರದು.